ಟೆಕ್ಸಾಸಿನ ಗ್ರಿಲ್ ಮತ್ತು ಸಲೂನಿಗೆ ಹೋಗುವ ಮುನ್ನ: ಶಾಕಾಹಾರಿಗಳೂ ದನದ ಮಾಂಸ ತಿನ್ನದವರೂ ದಯವಿಟ್ಟು ಓದಿ

ಕಳೆದ ತಿಂಗಳು ನಾವು ಎಂಟು ಮಂದಿ ಗೆಳೆಯರು ಡಲ್ಲಾಸ್ ಕಡೆಯಿಂದ ಫೋರ್ಟ್ ವರ್ತ್‌ಗೆ ಹೋಗಿದ್ದೆವು. ಅಲ್ಲಿನ ಸ್ಟಾಕ್‌ಯಾರ್ಡ್ಸ್ ಎಂಬ ಹಳೆಯ ದನದ ಸಂತೆಯ ಜಾಗದಲ್ಲಿ ದಿನಕ್ಕೆ ಎರಡು ಬಾರಿ ಉದ್ದ ಕೊಂಬಿನ ದನಗಳನ್ನು ಬೀದಿಯಲ್ಲಿ ನಡೆಸಿಕೊಂಡು ಹೋಗುವುದನ್ನು ನೋಡಿ, ಸಂಜೆ ಊಟಕ್ಕೆಂದು ನಗರದಾಚೆ ಹೆದ್ದಾರಿಯ ಬದಿಯಲ್ಲಿದ್ದ ಒಂದು ಗ್ರಿಲ್ ಮತ್ತು ಸಲೂನ್ ಹೊಕ್ಕೆವು. ಸಲೂನ್ ಎಂದರೆ ನಮ್ಮೂರಿನ ಕ್ಷೌರದಂಗಡಿಯಲ್ಲ. ಕೌಬಾಯ್‌ಗಳ ಕಾಲದ ಮಾದರಿಯಲ್ಲಿ ಮರದಿಂದ ಕಟ್ಟಿದ, ಮದ್ಯವೂ ಕೆಂಡದ ಮೇಲೆ ಸುಟ್ಟ ಮಾಂಸವೂ ಸಿಗುವ ಊಟದ ಮನೆ. ಆ ಹೋಟೆಲಿನ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ನಮಗಾದದ್ದು ಆ ಬಗೆಯ ಯಾವ ಹೋಟೆಲಿನಲ್ಲಿಯೂ ಆಗಬಹುದು.

ನಮ್ಮ ಗುಂಪಿನಲ್ಲಿ ಇಬ್ಬರು ಎಲ್ಲ ಬಗೆಯ ಮಾಂಸವನ್ನೂ ತಿನ್ನುವವರು. ನಾನೂ ಸೇರಿದಂತೆ ನಾಲ್ವರು ಕೋಳಿ, ಮೀನು ತಿಂದರೂ ದನದ ಮಾಂಸ ಮುಟ್ಟದವರು. ಉಳಿದಿಬ್ಬರು, ಹಾಸನದಿಂದ ಹೊಸದಾಗಿ ಬಂದಿದ್ದ ಗೆಳೆಯ ಮತ್ತು ಅವನ ಹೆಂಡತಿ, ಹುಟ್ಟಿನಿಂದಲೂ ಶಾಕಾಹಾರಿಗಳು. ಇಷ್ಟು ವರ್ಷ ಇಲ್ಲಿದ್ದವನು ನಾನು ಎಂಬ ಕಾರಣಕ್ಕೆ ಮೆನು ನನ್ನ ಕೈಗೆ ಬಂತು, ಎಲ್ಲರಿಗೂ ನಾನೇ ಆರಿಸಿಕೊಟ್ಟೆ. ಮುಂದೆ ಆದದ್ದಕ್ಕೆ ನನ್ನ ಹೊಣೆಯೂ ಇದೆ ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಶಾಕಾಹಾರಿಗಳಿಗಾಗಿ ಪಕ್ಕದ ಖಾದ್ಯಗಳ ಪಟ್ಟಿಯಿಂದ ಪಿಂಟೊ ಬೀನ್ಸ್, ಮುಸುಕಿನ ಜೋಳದ ಬ್ರೆಡ್ ಮತ್ತು ಬೇಯಿಸಿದ ಹಸಿರು ಹುರುಳಿಕಾಯಿ ಹೇಳಿದೆ. ಬಡಿಸಲು ಬಂದ ಹುಡುಗಿಯನ್ನು ಸ್ಪಷ್ಟವಾಗಿ ಕೇಳಿಯೂ ಇದ್ದೆ: ಇವುಗಳಲ್ಲಿ ಮಾಂಸ ಇದೆಯೇ ಎಂದು. ಇಲ್ಲ ಎಂದಳು. ಬೀನ್ಸ್ ಸಣ್ಣ ಕಬ್ಬಿಣದ ಬಟ್ಟಲಿನಲ್ಲಿ ಬಂತು; ನೋಡುವುದಕ್ಕೆ ನಮ್ಮ ರಾಜ್ಮಾ ಸಾರಿನಂತೆಯೇ ಕಂದು ಬಣ್ಣದ ಗಟ್ಟಿ ರಸ, ಮೇಲೆ ಹೆಚ್ಚಿದ ಈರುಳ್ಳಿ. ಗೆಳೆಯನ ಹೆಂಡತಿ ನಾಲ್ಕೈದು ಚಮಚ ತಿಂದ ಮೇಲೆ ಚಮಚದ ತುದಿಯಲ್ಲಿ ಏನನ್ನೋ ಎತ್ತಿ ತಟ್ಟೆಯ ಅಂಚಿಗಿಟ್ಟು, "ಅಣ್ಣಾ, ಇದು ಈರುಳ್ಳಿ ಅಲ್ಲ ಅನ್ಸತ್ತೆ, ಒಂಥರಾ ಜಿಗುಟಾಗಿದೆ, ಸ್ವಲ್ಪ ನೋಡಿ" ಎಂದರು. ಉಗುರಿನಷ್ಟು ಅಗಲದ ತುಂಡು. ಒಂದು ಬದಿ ನಸುಗೆಂಪು, ಇನ್ನೊಂದು ಬದಿ ಬೆಳಕು ಹಾಯುವಷ್ಟು ತೆಳ್ಳಗಿನ ಬಿಳಿ ಕೊಬ್ಬು. ಬೇಕನ್, ಅಂದರೆ ಉಪ್ಪು ಹಾಕಿ ಹೊಗೆಯಲ್ಲಿಟ್ಟ ಹಂದಿಮಾಂಸ. ಅವರು ಮಾತಾಡದೆ ಎದ್ದು ಕೈತೊಳೆಯುವ ಕಡೆಗೆ ಹೋದರು. ಹಿಂದಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು, ಆಮೇಲೆ ನೀರನ್ನು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ಹುಡುಗಿಯನ್ನು ಕರೆದು ತೋರಿಸಿದಾಗ ಅವಳು ನಿಜಕ್ಕೂ ಅಚ್ಚರಿಪಟ್ಟಳು. ಅದು ರುಚಿಗೆ ಹಾಕಿದ್ದು, ಮಾಂಸದ ಖಾದ್ಯವೇನಲ್ಲವಲ್ಲ ಎಂಬುದು ಅವಳ ಉತ್ತರ. ಅವಳು ಬೇಕೆಂದೇ ಸುಳ್ಳು ಹೇಳಿದಳೆಂದು ನನಗೆ ಅನ್ನಿಸುವುದಿಲ್ಲ. ದನಗಾಹಿಗಳ ಗಾಡಿಯ ಅಡುಗೆಯಲ್ಲಿ ಒಣ ಬೀನ್ಸನ್ನು ಉಪ್ಪುಗಟ್ಟಿದ ಹಂದಿಮಾಂಸದ ಜೊತೆ ಗಂಟೆಗಟ್ಟಲೆ ಬೇಯಿಸುವುದು ವಾಡಿಕೆಯಾಗಿತ್ತು. ಅಮೆರಿಕದ ದಕ್ಷಿಣ ಭಾಗದ ಅಡುಗೆಮನೆಗಳಲ್ಲಿ ಇಂದಿಗೂ ಬೇಕನ್ ನಮ್ಮ ಒಗ್ಗರಣೆಯ ಸ್ಥಾನದಲ್ಲಿದೆ. ಸಾರಿಗೆ ಇಂಗು ಹಾಕಿದ್ದೀರಾ ಎಂದು ಯಾರಾದರೂ ಕೇಳುವವರೆಗೆ ಅದನ್ನು ನಾವು ಹೇಗೆ ಹೇಳುವುದಿಲ್ಲವೋ, ಇದೂ ಹಾಗೆಯೇ. ವಿಚಾರಿಸಿದಾಗ ಹುರುಳಿಕಾಯಿಯೂ ಹಂದಿಯ ಕಾಲಿನ ಮೂಳೆಯೊಂದಿಗೆ ಬೆಂದದ್ದೆಂದು ತಿಳಿಯಿತು, ಜೋಳದ ಬ್ರೆಡ್ಡಿನ ಬಾಣಲೆಗೆ ಬೇಕನ್ನಿನ ಜಿಡ್ಡು ಸವರಿದ್ದರು.

ಆದ್ದರಿಂದ "ಮಾಂಸ ಇದೆಯೇ" ಎಂದು ಮಾತ್ರ ಕೇಳಬೇಡಿ. ಬೇಕನ್ ಇದೆಯೇ, ಹ್ಯಾಮ್ ಎಂಬ ಹಂದಿಯ ತೊಡೆಮಾಂಸ ಇದೆಯೇ, ಲಾರ್ಡ್ ಎಂಬ ಹಂದಿಕೊಬ್ಬು ಇದೆಯೇ, ಕೋಳಿಯ ಅಥವಾ ದನದ ಮೂಳೆ ಬೇಯಿಸಿದ ನೀರು ಹಾಕಿದ್ದೀರಾ, ಆಲೂಗಡ್ಡೆ ಕರಿದದ್ದು ಸಸ್ಯದ ಎಣ್ಣೆಯಲ್ಲೋ ಟ್ಯಾಲೊ ಎಂಬ ದನದ ಕೊಬ್ಬಿನಲ್ಲೋ ಎಂದು ಒಂದೊಂದನ್ನೂ ಹೆಸರಿಟ್ಟು ಕೇಳಿ, ಅಡುಗೆಮನೆಯಲ್ಲಿ ವಿಚಾರಿಸಿ ಬಂದು ಹೇಳುವಂತೆ ವಿನಂತಿಸಿ. ಸೀಸರ್ ಸಲಾಡ್‌ನ ಡ್ರೆಸ್ಸಿಂಗಿನಲ್ಲಿ ಸಾಮಾನ್ಯವಾಗಿ ಆಂಚೊವಿ ಎಂಬ ಮೀನಿರುತ್ತದೆ. ಅನ್ನವೂ ಕೋಳಿಯ ಸ್ಟಾಕ್‌ನಲ್ಲಿ ಬೆಂದಿರಬಹುದು.

ಅದೇ ಮೇಜಿನಲ್ಲಿ ಎರಡನೆಯ ತಪ್ಪೂ ಆಯಿತು. ದನದ ಮಾಂಸ ತಿನ್ನದ ನಮ್ಮ ಮೈಸೂರಿನ ಗೆಳೆಯ ಮೆನುವಿನಲ್ಲಿ "ಚಿಕನ್ ಫ್ರೈಡ್ ಸ್ಟೇಕ್" ಎಂದು ನೋಡಿ, ಇದು ಕೋಳಿಯೇ ಎಂದು ತೆಗೆದುಕೊಂಡ. ನಾನೂ ತಡೆಯಲಿಲ್ಲ. ವಾಸ್ತವವಾಗಿ ಅದು ಬಡಿದು ತೆಳ್ಳಗೆ ಮಾಡಿದ ದನದ ಮಾಂಸ. ಅದನ್ನು ಮೊಟ್ಟೆಯಲ್ಲೂ ಹಿಟ್ಟಿನಲ್ಲೂ ಅದ್ದಿ, ಕೋಳಿಯನ್ನು ಕರಿಯುವ ರೀತಿಯಲ್ಲಿ ಕರಿದು, ಮೇಲೆ ಬಿಳಿಯ ಗ್ರೇವಿ ಸುರಿಯುತ್ತಾರೆ. ಚಿಕನ್ ಎಂಬುದು ಅಲ್ಲಿ ಕರಿಯುವ ಕ್ರಮದ ಹೆಸರು, ಪದಾರ್ಥದ ಹೆಸರಲ್ಲ. ಕೋಳಿಯೇ ಬೇಕಿದ್ದರೆ "ಚಿಕನ್ ಫ್ರೈಡ್ ಚಿಕನ್" ಎಂಬ ಬೇರೆಯೇ ಖಾದ್ಯವಿದೆ. ಅವನು ಅರ್ಧ ಮುಗಿಸಿದ್ದಾಗ ಮಾಂಸ ತಿನ್ನುವ ಗೆಳೆಯನೊಬ್ಬ ಒಂದು ತುಂಡು ರುಚಿ ನೋಡಿ, "ಲೋ, ಇದು ಬೀಫ್ ಕಣೋ, ನಿಲ್ಸು" ಎಂದ. ಆ ಕ್ಷಣದಲ್ಲಿ ಅವನ ಮುಖ ಹೇಗಾಯಿತೆಂಬುದು ನನಗೆ ಇನ್ನೂ ಮರೆತಿಲ್ಲ.

ಇಂಥ ಹೆಸರುಗಳು ಇನ್ನೂ ಇವೆ. "ಚಿಲಿ" ಎಂದರೆ ಟೆಕ್ಸಾಸಿನಲ್ಲಿ ಮೆಣಸಿನಕಾಯಿಯ ಪಲ್ಯವಲ್ಲ, ದನದ ಮಾಂಸದ ಗಟ್ಟಿ ಸಾರು. 1977ರಿಂದ ಅದು ಆ ರಾಜ್ಯದ ಅಧಿಕೃತ ಖಾದ್ಯ. ಹಾಗಾಗಿ ಚಿಲಿ ಚೀಸ್ ಫ್ರೈಸ್ ಎಂದರೆ ಆಲೂಗಡ್ಡೆಯ ಮೇಲೆ ಆ ಸಾರು. "ಕಾಫ್ ಫ್ರೈಸ್" ಎಂಬುದಕ್ಕೂ ಆಲೂಗಡ್ಡೆಗೂ ಸಂಬಂಧವಿಲ್ಲ, ಅದು ಹೋರಿಗರುವಿನ ವೃಷಣವನ್ನು ಹೆಚ್ಚಿ ಕರಿದದ್ದು. "ಕೌಬಾಯ್ ಬೀನ್ಸ್"ನಲ್ಲಿ ಹೆಚ್ಚಾಗಿ ಬೇಕನ್ ಮಾತ್ರವಲ್ಲ, ಕೊಚ್ಚಿದ ದನದ ಮಾಂಸವೂ ಇರುತ್ತದೆ. ನಮಗೆ ಇಂಗ್ಲಿಷ್ ಬರುತ್ತದೆಂಬ ಧೈರ್ಯದಿಂದ ಈ ಮೆನು ಓದಬಾರದು.

ಮೂರನೆಯದು ಹಣದ ವಿಷಯ. ಊಟದ ಬಾಬ್ತು 312 ಡಾಲರ್, ಅದರ ಮೇಲೆ ಶೇಕಡಾ 8.25ರ ಮಾರಾಟ ತೆರಿಗೆ 25.74, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಶೇಕಡಾ 20ರ ಗ್ರ್ಯಾಚುಯಿಟಿ (ಅಂದರೆ ಟಿಪ್ಸ್) 62.40, ಒಟ್ಟು 400.14. ಆರು ಅಥವಾ ಹೆಚ್ಚು ಮಂದಿಯ ಗುಂಪಿಗೆ ಟಿಪ್ಸನ್ನು ತಾವೇ ಸೇರಿಸುವ ಹೋಟೆಲುಗಳು ಬಹಳ ಇವೆ. ಅದನ್ನು ಮೆನುವಿನ ಕೊನೆಯ ಪುಟದಲ್ಲಿ ಬರೆದಿದ್ದರು ಕೂಡ. ಆದರೆ ಕಾರ್ಡ್ ಉಜ್ಜಿ ತಂದ ಚೀಟಿಯಲ್ಲಿ ಟಿಪ್ ಎಂಬ ಖಾಲಿ ಗೆರೆ ಹಾಗೆಯೇ ಇತ್ತು. ಬೇಸರದಲ್ಲಿ ಬೇಗ ಹೊರಡುವ ಅವಸರವಿದ್ದ ಗೆಳೆಯ ಅಲ್ಲಿ 60 ಎಂದು ಬರೆದು ಸಹಿ ಹಾಕಿಬಿಟ್ಟ. ಮರುದಿನ ಫೋನ್ ಮಾಡಿದಾಗ ವ್ಯವಸ್ಥಾಪಕರು ಅದು ಹೆಚ್ಚುವರಿ ಟಿಪ್‌ಗೆ ಬಿಟ್ಟ ಗೆರೆ, ಸಹಿ ನಿಮ್ಮದೇ ಎಂದರು. ಆ 60 ಡಾಲರ್ ಹಿಂದಿರುಗಲಿಲ್ಲ. ಸ್ಟೇಕ್‌ನ ಬೆಲೆಯನ್ನೂ ಕಳೆಯಲಿಲ್ಲ, ಹೆಸರು ಸರಿಯಾಗಿಯೇ ಇತ್ತಲ್ಲ ಎಂಬುದು ಅವರ ವಾದ. ಬೀನ್ಸಿನ ವಿಷಯಕ್ಕೆ ಕ್ಷಮೆ ಕೇಳಿದರು, ಅಷ್ಟೇ.

ಹಾಗೆಂದು ಸಿಟ್ಟಿನಿಂದ ಟಿಪ್ ಕೊಡದೆ ಬರುವುದು ಸರಿಯೆಂದು ನಾನು ಹೇಳಲಾರೆ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಲೇಬೇಕಾದ ಕನಿಷ್ಠ ನಗದು ಕೂಲಿ ಟೆಕ್ಸಾಸಿನಲ್ಲಿ ಗಂಟೆಗೆ 2.13 ಡಾಲರ್ ಮಾತ್ರ; ಕೇಂದ್ರ ಸರ್ಕಾರ ನಿಗದಿಪಡಿಸಿದ ಆ ಮೊತ್ತ 1991ರಿಂದ ಏರಿಲ್ಲ. ಆ ಹುಡುಗಿಯ ಬದುಕು ನಡೆಯುವುದೇ ಟಿಪ್ಸಿನಿಂದ. ಒಮ್ಮೆ ಕೊಡಿ, ಎರಡು ಬಾರಿ ಕೊಡಬೇಡಿ. ಸಹಿಗೆ ಮುನ್ನ ಗ್ರ್ಯಾಚುಯಿಟಿ ಅಥವಾ ಸರ್ವಿಸ್ ಚಾರ್ಜ್ ಎಂಬ ಪದ ಬಿಲ್ಲಿನಲ್ಲಿದೆಯೇ ನೋಡಿ, ಇದ್ದರೆ ಟಿಪ್ ಗೆರೆಯ ಮೇಲೆ ಅಡ್ಡಗೆರೆ ಎಳೆದು ಒಟ್ಟು ಮೊತ್ತವನ್ನು ಸ್ಪಷ್ಟವಾಗಿ ಬರೆಯಿರಿ, ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ಮೂರು ದಿನಗಳ ನಂತರ ಬ್ಯಾಂಕಿನ ಖಾತೆಯಲ್ಲಿ ಅಂತಿಮ ಮೊತ್ತ ಹೋಲಿಸಿ ನೋಡಿ, ಏಕೆಂದರೆ ಟಿಪ್ ಸೇರಿದ ಮೊತ್ತ ತಡವಾಗಿ ಏರುತ್ತದೆ.

ಎರಡು ವಾರಗಳ ಹಿಂದೆ ಅದೇ ಹಾಸನದ ದಂಪತಿಯೊಂದಿಗೆ ಇಂಥದೇ ಇನ್ನೊಂದು ಗ್ರಿಲ್‌ಗೆ ಹೋಗಬೇಕಾಯಿತು; ಕಚೇರಿಯವರು ಏರ್ಪಡಿಸಿದ ಊಟ, ತಪ್ಪಿಸುವಂತಿರಲಿಲ್ಲ. ಈ ಸಲ ನಾನು ಒಂದೊಂದನ್ನೂ ಹೆಸರು ಹೇಳಿ ಕೇಳಿದೆ. ಬಡಿಸುವಾತ ಒಳಗೆ ಹೋಗಿ ಐದು ನಿಮಿಷ ಬಿಟ್ಟು ಬಂದು, ಬೀನ್ಸ್ ಬೇಡ, ಹುರುಳಿಕಾಯಿಯೂ ಬೇಡ, ಇಡಿಯಾಗಿ ಸುಟ್ಟ ಆಲೂಗಡ್ಡೆಯನ್ನು ಬೇಕನ್ ಉದುರಿಸದೆ ಕೊಡಬಹುದು, ಮುಸುಕಿನ ಜೋಳದ ತೆನೆಗೆ ಬೆಣ್ಣೆ ಮಾತ್ರ ಸವರುತ್ತೇವೆ ಎಂದ. ಆಕೆ ಆಲೂಗಡ್ಡೆಯನ್ನು ಫೋರ್ಕಿನಿಂದ ಬಿಡಿಸಿ ಒಳಗೆಲ್ಲ ನೋಡಿ, ಆಮೇಲೆ ಉಪ್ಪು ಉದುರಿಸಿಕೊಂಡು ತಿಂದರು.