ಬಗೋಬೊ ಮಾತು ಕಲಿಯೋಕೆ: ಪುಸ್ತಕವೋ, ಊರೋ, ಸೆಬುವಾನೊ ದಾರಿಯೋ?

ಮೊದಲು ಒಂದು ವಿಷಯ. ಬಗೋಬೊ ಜನರ ಮಾತು ಅಂದರೆ ಒಂದೇ ಭಾಷೆಯಲ್ಲ. ಫಿಲಿಪೈನ್ಸಿನ ಮೌಂಟ್ ಆಪೊ ಸುತ್ತಲಿನ ತಗಬಾವಾ ಬೇರೆ, ದವಾವ್ ನಗರದ ಕಡೆಯ ಕ್ಲಾಟಾ ಬೇರೆ. ನೀವು ಹೋಗುವ ಊರಿನವರದು ಯಾವುದು ಅಂತ ಕೇಳಿಕೊಳ್ಳಿ.

ಖರ್ಚು ನೋಡಿದರೆ ಪುಸ್ತಕವೇ ಅಗ್ಗ. ಆದರೆ ಗಂಟಲಲ್ಲಿ ಗಕ್ಕನೆ ಉಸಿರು ತಡೆದು ಬಿಡುವ ಸದ್ದು ಪುಟದಲ್ಲಿ ಕೇಳಿಸಲ್ಲ, ಅಲ್ವಾ? ಅದಕ್ಕೆ ಮಾತಾಡುವವರ ಪಕ್ಕ ಕೂರಬೇಕು. ಪುಸ್ತಕ ಗೆಲ್ಲುವುದು ವ್ಯಾಕರಣದಲ್ಲಿ. 'ನಾವು' ಅನ್ನೋಕೆ ಬಗೋಬೊದಲ್ಲಿ ಎರಡು ಪದ: ಕೇಳುವವರನ್ನು ಸೇರಿಸಿ ಒಂದು, ಬಿಟ್ಟು ಇನ್ನೊಂದು. ತುಳು ಬಲ್ಲವರಿಗೆ ಇದು ಸಲೀಸು, ನಮ-ಎಂಕುಳು ಇದ್ದ ಹಾಗೆ. ಬರೀ ಕನ್ನಡ ಬಲ್ಲ ನಮಗೆ ಸ್ವಲ್ಪ ಒದ್ದಾಟ.

ದವಾವ್ ಪೇಟೆಯಲ್ಲಿ ನಡೆಯೋದು ಸೆಬುವಾನೊ ಅನ್ನೋ ಇನ್ನೊಂದು ಭಾಷೆ. 'ತಗ್‌ಪಿಲಾ ನಿ?' ಅಂದರೆ ಇದರ ಬೆಲೆ ಕೇಳಿದಂತೆ. ಪಾಠಗಳೂ ಜಾಸ್ತಿ ಸಿಗುತ್ತವೆ. ಬಗೋಬೊ ಜನರಲ್ಲಿ ಬಹಳಷ್ಟು ಮಂದಿಗೆ ಅದೂ ಬರುತ್ತೆ. ಆದರೆ ಅದರಲ್ಲೇ ನಿಂತುಬಿಟ್ಟರೆ ಬಗೋಬೊ ಬಾಯಿಗೆ ಬರಲ್ಲ.

ಎರಡು ವಾರದ ಓಡಾಟಕ್ಕೆ ಸೆಬುವಾನೊ ಸಾಕು. ವರ್ಷಗಟ್ಟಲೆ ಇರುವವರು ಊರಲ್ಲೇ ಉಳಿಯಿರಿ. ಮನೆಯಲ್ಲೇ ಕೂತು ಕಲಿಯೋರಿಗೆ ಪುಸ್ತಕ, ಜೊತೆಗೆ ಫೋನಿನಲ್ಲಿ ಮಾತಿಗೆ ಸಿಗುವ ಒಬ್ಬರು.