ಬುದ್ಧಿಹಲ್ಲು ಕೀಳಿಸುವ ಭಯ: ಬರೀ ಮರಗಟ್ಟಿಸುವ ಇಂಜೆಕ್ಷನ್ ಸಾಕೋ, ಮಂಪರು ಬೇಕೋ?

ಇಲ್ಲಿನ ಮರಾಠಿಗರು ಅಕ್ಕಲ್‌ದಾಢ್ ಅನ್ನುವ ಈ ಹಲ್ಲಿಗೆ ಹೆದರಿ, ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಪಕ್ಕದ ಮನೆಯ ಹುಡುಗಿ ಮೂರು ಸಲ ದಿನ ಮುಂದೂಡಿದಳು. ಅಂಥವರಿಗಾಗಿ ಈ ಮಾತು.

ಲೋಕಲ್ ಅನಸ್ತೇಶಿಯಾದಲ್ಲಿ, ಅಂದರೆ ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ, ಎಚ್ಚರ ಇರುತ್ತದೆ. ನೋವು ತಿಳಿಯದು, ಒತ್ತುವುದು, ಎಳೆಯುವುದು, ಡ್ರಿಲ್ಲಿನ ಸದ್ದು ಮಾತ್ರ ತಿಳಿಯುತ್ತದೆ. ಹೆದರಿದವರಿಗೆ ಆ ಒತ್ತಡವೇ ನೋವೆನಿಸುತ್ತದೆ. ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಅಡ್ರಿನಲಿನ್ ಬೆರೆತಿರುವುದರಿಂದ ಎದೆ ಸ್ವಲ್ಪ ಹೊತ್ತು ಡವಡವ ಹೊಡೆದುಕೊಳ್ಳಬಹುದು. ಅದು ಔಷಧದ ಗುಣ, ನಿಮ್ಮ ಅಧೈರ್ಯವಲ್ಲ. ಎಡಗೈ ಎತ್ತಿದರೆ ಕೆಲಸ ನಿಲ್ಲಿಸಬೇಕೆಂದು ಡಾಕ್ಟರ ಜತೆ ಮೊದಲೇ ಮಾತಾಡಿಕೊಳ್ಳಿ. ನಿಲ್ಲಿಸುವ ಹಕ್ಕು ಕೈಯಲ್ಲಿದ್ದರೆ ಅರ್ಧ ಭಯ ಇಳಿಯುತ್ತದೆ. ಹಗುರವಾಗಿ ತಿಂದೂ ಹೋಗಬಹುದು.

ಸೆಡೇಶನ್ನಿನಲ್ಲಿ ರಕ್ತನಾಳಕ್ಕೆ ಔಷಧ ಕೊಟ್ಟು ಮಂಪರು ಬರಿಸುತ್ತಾರೆ. ನಡೆದದ್ದು ಆಮೇಲೆ ಹೆಚ್ಚು ನೆನಪಿರುವುದಿಲ್ಲ. ಆದರೆ ಮರಗಟ್ಟಿಸುವ ಇಂಜೆಕ್ಷನ್ ಇದರಲ್ಲೂ ಉಂಟು, ಖರ್ಚೂ ಜಾಸ್ತಿ. ಸಾಮಾನ್ಯವಾಗಿ 6 ಗಂಟೆ ಏನೂ ತಿನ್ನುವಂತಿಲ್ಲ, 24 ಗಂಟೆ ಗಾಡಿ ಓಡಿಸುವಂತಿಲ್ಲ, ಮನೆಯವರೊಬ್ಬರು ಜತೆಗಿರಲೇಬೇಕು. ಆ ಮಂಪರಿನಲ್ಲಿ ಲೋಕಲ್ ಟ್ರೈನಿನ ನೂಕುನುಗ್ಗಲಿಗೆ ಒಬ್ಬರೇ ಹೋಗಲೇಬೇಡಿ.

ಪೂರ್ತಿ ಪ್ರಜ್ಞೆ ತಪ್ಪಿಸುವುದು ಹೆಚ್ಚಾಗಿ ನಾಲ್ಕೂ ಹಲ್ಲು ಎಲುಬಿನೊಳಗೆ ಹೂತಿದ್ದಾಗ, ಅದೂ ಆಸ್ಪತ್ರೆಯಲ್ಲಿ.

ಒಂದೇ ಹಲ್ಲಾದರೆ ನಾನು ಲೋಕಲ್ ಅನಸ್ತೇಶಿಯಾವನ್ನೇ ಹೇಳುತ್ತೇನೆ. ಸೂಜಿ ಕಂಡರೆ ತಲೆಸುತ್ತಿ ಬೀಳುವವರು ಮಂಪರು ಕೇಳಲು ಸಂಕೋಚಪಡಬೇಡಿ. ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆ, ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿಯ ಸರಕಾರಿ ದಂತ ಕಾಲೇಜುಗಳಲ್ಲಿ ಖರ್ಚು ಕಡಿಮೆ, ಕಾಯುವುದು ಹೆಚ್ಚು. ಎಲ್ಲೇ ಆಗಲಿ, ಬೆಳಗಿನ ಮೊದಲ ಸಮಯ ಕೇಳಿ. ಸಂಜೆಯವರೆಗೆ ಕೂತು ಹೆದರುವುದು ತಪ್ಪುತ್ತದೆ.