ಅಳಿವೆ ನೀರಲ್ಲಿ 8 ವೇಟ್ ಟ್ರಾಪಿಕಲ್ ಫ್ಲೈ ಲೈನ್: ಕೆಲವು ಅಕ್ಟೋಬರ್ ಕಳೆದ ಮೇಲೆ

ಉಪ್ಪುನೀರಿನ ಫ್ಲೈ ಫಿಶಿಂಗ್‌ಗೆ (ಫ್ಲೈ ಎಂಬ ಹಗುರ ಹುಸಿ ಎರೆಯನ್ನು ಲೈನಿನ ಭಾರದಿಂದಲೇ ಎಸೆಯುವ ಗಾಳಕ್ಕೆ) ಹೊಸದಾಗಿ ಇಳಿಯುವವರು ರಾಡ್‌ಗೆ ದುಡ್ಡು ಸುರಿದು ಲೈನ್‌ಗೆ ಚೌಕಾಸಿ ಮಾಡುತ್ತಾರೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಉಲ್ಟಾ ಆಗಬೇಕು. ಮಧ್ಯಮ ದರ್ಜೆಯ ರಾಡ್‌ಗೆ ಒಳ್ಳೆಯ ಟ್ರಾಪಿಕಲ್ ಲೈನ್ ಹಾಕಿದರೆ ಕೆಲಸ ನಡೆಯುತ್ತದೆ, ದುಬಾರಿ ರಾಡ್‌ಗೆ ತಣ್ಣೀರಿನ ಲೈನ್ ಹಾಕಿದರೆ ನಡೆಯುವುದಿಲ್ಲ.

ಈ ವಿಮರ್ಶೆ 8 ವೇಟ್‌ನ (ಲೈನಿನ ತೂಕದ ಸೈಜ್), ತೇಲುವ, ವೇಟ್ ಫಾರ್ವರ್ಡ್ (ಭಾರವೆಲ್ಲ ಮುಂಭಾಗದಲ್ಲಿರುವ) ಲೈನ್ ಬಗ್ಗೆ. ಒಂಬತ್ತು ಅಡಿ ರಾಡ್, ಸೀಲ್ಡ್ ಡ್ರ್ಯಾಗ್ (ಮುಚ್ಚಿದ ಬ್ರೇಕ್) ಇರುವ ರೀಲ್, 30 ಪೌಂಡಿನ ಬ್ಯಾಕಿಂಗ್ (ಲೈನಿನ ಹಿಂದೆ ರೀಲಿಗೆ ಸುತ್ತುವ ದಾರ) ಜೊತೆ ಕಾಳಿ, ಅಘನಾಶಿನಿ, ಶರಾವತಿ ಅಳಿವೆಗಳಲ್ಲಿ ಬಳಸಿದ್ದು. ಬ್ರಾಂಡ್ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವ ಗುಣವಾಗಲಿ ದೋಷವಾಗಲಿ ಈ ಬಗೆಯ ಲೈನ್‌ಗಳಿಗೆಲ್ಲ ಹೆಚ್ಚುಕಡಿಮೆ ಒಂದೇ.

ಟ್ರಾಪಿಕಲ್ ಲೈನ್‌ನ ಒಳಗೆ ಇರುವುದು ಹೆಣೆದ ಮೊನೊಫಿಲಮೆಂಟ್ ಕೋರ್, ಹೊರಗೆ ಗಡಸು ಲೇಪ. ಟ್ರೌಟ್ ಮೀನಿಗೆಂದು ಮಾಡಿದ ಲೈನ್‌ನ ಕೋರ್ ಮೆತ್ತಗಿನ ಮಲ್ಟಿಫಿಲಮೆಂಟ್. ಅದನ್ನು ಅಕ್ಟೋಬರ್ ಬಿಸಿಲಲ್ಲಿ ದೋಣಿಯ ಹಲಗೆ ಮೇಲೆ ಹತ್ತು ನಿಮಿಷ ಬಿಟ್ಟು ನೋಡಿ: ಬೆಂದ ಶಾವಿಗೆ ಹಾಗಾಗುತ್ತದೆ. ರಾಡಿನ ಗೈಡುಗಳ (ಲೈನ್ ಹಾಯುವ ಬಳೆಗಳ) ನಡುವೆ ಜೋತು ಬೀಳುತ್ತದೆ, ರಾಡ್‌ಗೆ ಅಂಟುತ್ತದೆ, ಎಸೆತದ ಕೊನೆಯ ಮೂರು ಮೀಟರ್ ಹೋಗುವುದೇ ಇಲ್ಲ. ಟ್ರಾಪಿಕಲ್ ಲೈನ್ ಇದೇ ಬಿಸಿಲಲ್ಲಿ ಗಟ್ಟಿಯಾಗಿ ನಿಂತು ಗೈಡಿನಲ್ಲಿ ಜಾರುತ್ತದೆ. ಆದರೆ ಡಿಸೆಂಬರ್ ಕೊನೆಯ ಮುಂಜಾನೆ ತಂಪಿಗೆ ಇದೇ ಲೈನ್ ಸ್ಪ್ರಿಂಗ್ ಸುರುಳಿಯಾಗಿ ರೀಲಿನಿಂದ ಇಳಿಯುತ್ತದೆ. ಎಸೆಯುವ ಮೊದಲು ಇಪ್ಪತ್ತು ಮೀಟರ್ ಬಿಚ್ಚಿ, ಎರಡೆರಡು ಮೀಟರ್ ಹಿಡಿದು ಜಗ್ಗಿದರೆ ಸರಿಹೋಗುತ್ತದೆ. ಇದನ್ನು ದೋಷ ಅಂತ ಬರೆದುಕೊಂಡವರು ಬಹಳ ಜನ. ನನ್ನ ಲೆಕ್ಕದಲ್ಲಿ ಅಲ್ಲ.

ತೂಕದ ವಿಷಯ ಗಮನಿಸಿ. 8 ವೇಟ್ ಅಂದರೆ ಲೈನಿನ ಮೊದಲ 30 ಅಡಿ ಸುಮಾರು 210 ಗ್ರೇನ್, ಅಂದರೆ 13.6 ಗ್ರಾಂ ತೂಗಬೇಕು. ಉಪ್ಪುನೀರಿನ ಎಷ್ಟೋ ಲೈನ್‌ಗಳು ಅರ್ಧ ಅಥವಾ ಒಂದು ಸೈಜ್ ಹೆಚ್ಚೇ ತೂಗುತ್ತವೆ. ಹತ್ತು ಹನ್ನೆರಡು ಮೀಟರ್ ದೂರದ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಬುಡಕ್ಕೆ ಎಸೆಯುವವರಿಗೆ ಇದು ಅನುಕೂಲ, ರಾಡ್ ಬೇಗ ಬಾಗುತ್ತದೆ. ಅಳಿವೆಬಾಯಿಯ ಮರಳದಂಡೆಯಿಂದ ದೂರ ಎಸೆಯುವವರಿಗೆ ರಾಡ್ ಸೋತಂತೆ ಅನ್ನಿಸುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿ ಸಾಲದು, ಗ್ರೇನ್ ಎಷ್ಟು ಅಂತ ನೋಡಿಯೇ ಕೊಳ್ಳಿ.

ಇನ್ನು ನೀರು, ಗಾಳಿ. ಸೆಪ್ಟೆಂಬರ್‌ನಲ್ಲಿ ಅಳಿವೆ ಇನ್ನೂ ಕೆಂಪು, ಕಸಕಡ್ಡಿ ತುಂಬಿರುತ್ತದೆ. ತೇಲುವ ಲೈನಿಗೆ ಎಲೆ ಸಿಕ್ಕಿಸಿಕೊಳ್ಳುವುದೇ ಕೆಲಸ. ಅಕ್ಟೋಬರ್ ನಡುವಿನಿಂದ ನೀರು ತಿಳಿಯಾಗುತ್ತಾ ಉಪ್ಪು ಮೇಲೇರುತ್ತದೆ, ಸೀಗಡಿ ಮತ್ತು ಮಲೆಟ್ ಮರಿಗಳ ಹಿಂದೆ ಕುರುಡಿ, ಕೆಂಬೇರಿಯಂಥ ಬೇಟೆಮೀನು ಬರುತ್ತವೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಘಟ್ಟದ ಮೇಲೆ ಮಳೆ ಹೊಡೆದರೆ ಅಳಿವೆ ಬೇಗ ಕದಡುತ್ತದೆ. ಶರಾವತಿಯಲ್ಲಿ ಗೇರುಸೊಪ್ಪೆ ಅಣೆಕಟ್ಟಿನಿಂದ ಬಿಡುವ ನೀರಿನ ಲೆಕ್ಕವೂ ಸೇರುತ್ತದೆ, ಉಬ್ಬರದ ಪಟ್ಟಿ ಒಂದನ್ನೇ ನಂಬಿದರೆ ಕೆಡುತ್ತೀರಿ.

ಬೆಳಗ್ಗೆ ಗಾಳಿ ಭೂಮಿಯ ಕಡೆಯಿಂದ, ಅಂದರೆ ಪೂರ್ವದಿಂದ, ಮೆಲ್ಲಗೆ. ಹನ್ನೊಂದು ಹನ್ನೆರಡರ ಹೊತ್ತಿಗೆ ತಿರುಗಿ ಪಶ್ಚಿಮ, ವಾಯವ್ಯದಿಂದ ಜೋರು. ಬಲಗೈಯಲ್ಲಿ ಎಸೆಯುವವರಿಗೆ ಗಾಳಿ ಎಡದಿಂದ ಬಂದರೆ ಲೈನ್ ಮೈಯಿಂದ ದೂರ ಹೋಗುತ್ತದೆ. ಬಲದಿಂದ ಬಂದರೆ ಕೊಕ್ಕೆ ಕಿವಿಗೆ. ಹಾಗಾಗಿ ಕಾಳಿಯಲ್ಲಿ ಬೆಳಗ್ಗೆ ಉತ್ತರಕ್ಕಿರುವ ಸದಾಶಿವಗಡದ ದಡ, ಮಧ್ಯಾಹ್ನ ದಕ್ಷಿಣಕ್ಕಿರುವ ಕೋಡಿಬಾಗದ ದಡ. ಎಡಗೈಯವರಿಗೆ ಇದರ ತಿರುಗುಮುರುಗು. ದುಬಾರಿ ಲೈನ್ ಕೊಡುವ ಲಾಭಕ್ಕಿಂತ ಈ ದಡದ ಆಯ್ಕೆಯ ಲಾಭ ದೊಡ್ಡದು ಅಂತ ಹೇಳಿದರೆ ಮಾರುವವರಿಗೆ ಬೇಸರವಾಗಬಹುದು.

ತಿಥಿಯನ್ನೂ ಇದಕ್ಕೆ ಜೋಡಿಸಬೇಕು. ಹುಣ್ಣಿಮೆ, ಅಮಾವಾಸ್ಯೆಗೆ ನಮ್ಮಲ್ಲಿ ಭರತ (ಉಬ್ಬರ) ಮುಗಿಯುವುದು ಹನ್ನೊಂದು ಹನ್ನೆರಡರ ಸುಮಾರಿಗೆ. ಹಗಲಿನ ಇಳಿತ ಪೂರ್ತಿ ಕಡಲಗಾಳಿಯ ಬಾಯಿಗೆ ಬೀಳುತ್ತದೆ, ಸೆಳೆತವೂ ವಿಪರೀತ. ದಶಮಿ, ಏಕಾದಶಿಗೆ ಭರತ ಬೆಳಗ್ಗೆ ಏಳೆಂಟರ ಆಸುಪಾಸು ಮುಗಿದು, ಗಾಳಿ ಏಳುವ ಮೊದಲು ಮೂರು ನಾಲ್ಕು ತಾಸು ಇಳಿತ ಸಿಗುತ್ತದೆ. ಕಾಂಡ್ಲಾ ಒಳಗಿನ ಸಣ್ಣ ತೋಡುಗಳಿಂದ ಮರಿಮೀನು ಹೊರಬೀಳುವುದು ಆಗಲೇ. ತೇಲುವ ಲೈನ್ ಬೆಳಗುವುದು ಈ ಹೊತ್ತಲ್ಲಿ: ತೋಡಿನ ಬಾಯಿಯ ಮೇಲ್ಭಾಗಕ್ಕೆ ಎಸೆದು, ಲೈನನ್ನು ಹರಿವಿನ ಮೇಲಕ್ಕೆ ಒಮ್ಮೆ ಮಗುಚಿ ಹಾಕಿ, ಫ್ಲೈ ತಾನಾಗಿ ಇಳಿದು ಬರಲು ಬಿಡಬೇಕು. ಗುಡುಗು ಕೇಳಿಸಿದರೆ ಮಾತ್ರ ತಕ್ಷಣ ರಾಡ್ ಕೆಳಗಿಡಿ. ಕಾರ್ಬನ್ ರಾಡ್ ವಿದ್ಯುತ್ ಹರಿಸುತ್ತದೆ, ಹಿಂಗಾರಿನ ಸಂಜೆ ಸಿಡಿಲು ಇಲ್ಲಿ ಸಾಮಾನ್ಯ.

ಎರಡು ಮೀಟರ್‌ಗಿಂತ ಆಳದಲ್ಲಿ, ಸೆಳೆತ ಇದ್ದಾಗ, ತೇಲುವ ಲೈನ್ ಸೋಲುತ್ತದೆ. ಲೈನಿನ ನಡುಭಾಗ ಹರಿವಿಗೆ ಬಿಲ್ಲಿನಂತೆ ಬಾಗಿ ಫ್ಲೈಯನ್ನು ಮೇಲಕ್ಕೆಳೆಯುತ್ತದೆ. ಭಾರದ ಕಣ್ಣಿನ ಕ್ಲೌಸರ್ ಮಿನ್ನೋ ಎಂಬ ಫ್ಲೈ ಕಟ್ಟಿ ಸರಿದೂಗಿಸಬಹುದು ಅನ್ನುತ್ತಾರೆ, ಸ್ವಲ್ಪ ಮಟ್ಟಿಗೆ ಮಾತ್ರ. ಸೆಕೆಂಡಿಗೆ ನಾಲ್ಕೈದು ಸೆಂಟಿಮೀಟರ್ ಮುಳುಗುವ ಇಂಟರ್ಮೀಡಿಯಟ್ ಲೈನನ್ನು ಇನ್ನೊಂದು ಸ್ಪೂಲ್‌ನಲ್ಲಿ ಇಟ್ಟುಕೊಳ್ಳುವುದೇ ಸರಿ. ದುಡ್ಡು ಕೂಡಿಸುತ್ತಿದ್ದರೆ ಎರಡನೇ ರಾಡ್‌ಗಿಂತ ಅದು ಮೊದಲು.

ಲೀಡರ್ (ಲೈನಿಗೂ ಫ್ಲೈಗೂ ನಡುವಿನ ದಾರ) ಒಂಬತ್ತು ಅಡಿ: 40 ಪೌಂಡಿನ ಬುಡ, ನಡುವೆ 30, ಆಮೇಲೆ 20, ತುದಿಗೆ ಅರ್ಧ ಮೀಟರ್ 40 ಪೌಂಡ್ ಫ್ಲೋರೋಕಾರ್ಬನ್. ಕುರುಡಿಯ ಕಿವಿರು ಮುಚ್ಚಳದ ಅಂಚು ಬ್ಲೇಡ್ ಇದ್ದಂತೆ, 20 ಪೌಂಡನ್ನು ನೇರ ಕಟ್ಟಿದರೆ ಉಳಿಯುವುದಿಲ್ಲ. ಫ್ಲೈಗೆ ಜಾರದ ಲೂಪ್ ಗಂಟು ಹಾಕಿ. ಬಿಗಿ ಗಂಟಿನಲ್ಲಿ ದಪ್ಪ ಟಿಪ್ಪೆಟ್ (ಲೀಡರಿನ ತುದಿ) ಫ್ಲೈಯನ್ನು ಕಡ್ಡಿಯಂತೆ ನಿಲ್ಲಿಸಿಬಿಡುತ್ತದೆ. ಮೀನು ಕಚ್ಚಿದಾಗ ರಾಡ್ ಎತ್ತದೆ ಎಡಗೈಯಿಂದ ಲೈನ್ ಜಗ್ಗಿ.

ಲೈನ್ ಹಾಳಾಗುವುದು ಹೇಗೆ? ಉಪ್ಪಿನಿಂದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಲೇಪವನ್ನು ತಿನ್ನುವುದು ಕೈಗೆ ಹಚ್ಚಿದ ಸನ್‌ಸ್ಕ್ರೀನ್ ಮತ್ತು ಡೀಟ್ ಇರುವ ಸೊಳ್ಳೆ ಮುಲಾಮು. ಕಾಂಡ್ಲಾ ಅಂಚಿನಲ್ಲಿ ಸೊಳ್ಳೆ ಮುಲಾಮು ಇಲ್ಲದೆ ನಿಲ್ಲಲಾಗದು, ಹಾಗಾಗಿ ಕೈಯ ಹಿಂಭಾಗದಿಂದ ಹಚ್ಚಿ, ಬೆರಳು ಮತ್ತು ಅಂಗೈ ಮುಟ್ಟಬೇಡಿ. ಎರಡನೆಯದು ಕಲ್ವ, ಬೆಳಚಿನ ಚಿಪ್ಪು. ಅಘನಾಶಿನಿಯಲ್ಲಿ ಕಾಲ ಬಳಿ ಬಿದ್ದ ಲೈನನ್ನು ತುಳಿದರೆ ಲೇಪ ಸೀಳುತ್ತದೆ, ಸೊಂಟಕ್ಕೆ ಕಟ್ಟುವ ಸ್ಟ್ರಿಪ್ಪಿಂಗ್ ಬುಟ್ಟಿ ಬೇಕೇ ಬೇಕು. ಮೂರನೆಯದು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿ.

ಮೊದಲು ಬಿರುಕು ಕಾಣುವುದು ಎರಡು ಕಡೆ. ಒಂದು, ಲೀಡರ್ ಕಟ್ಟುವ ತುದಿಯ ವೆಲ್ಡ್ ಲೂಪ್‌ನ (ಬೆಸೆದ ಕುಣಿಕೆಯ) ಕುತ್ತಿಗೆ. ಇನ್ನೊಂದು ರಾಡಿನ ತುದಿ ಗೈಡಿನಲ್ಲಿ ಪದೇ ಪದೇ ಉಜ್ಜುವ ಜಾಗ, ಅಂದರೆ ದಪ್ಪನೆಯ ತಲೆಭಾಗ ಮುಗಿದು ತೆಳ್ಳನೆಯ ಓಡುಲೈನ್ ಶುರುವಾಗುವಲ್ಲಿ. ಹೆಬ್ಬೆರಳಿನ ಉಗುರಿನ ಮೇಲೆ ನಿಧಾನ ಎಳೆದರೆ ಕಣ್ಣಿಗೆ ಕಾಣದ ಬಿರುಕೂ ತಡೆಯುತ್ತದೆ. ಬಿರುಕಿನೊಳಗೆ ನೀರು ಹೊಕ್ಕ ಮೇಲೆ ತುದಿ ಮುಳುಗತೊಡಗುತ್ತದೆ.

ಮನೆಗೆ ಬಂದ ಮೇಲೆ ಲೈನನ್ನು ಬಕೆಟ್‌ಗೆ ಬಿಚ್ಚಿ, ಉಗುರುಬೆಚ್ಚಗಿನ ಸಿಹಿನೀರಿಗೆ ಎರಡು ಹನಿ ಸೌಮ್ಯ ಸೋಪು ಹಾಕಿ ನೆನೆಸಿ, ಹತ್ತಿ ಬಟ್ಟೆಯ ನಡುವೆ ಎಳೆದು ನೆರಳಲ್ಲಿ ಒಣಗಿಸಿ. ಪಾತ್ರೆ ತಿಕ್ಕುವ ಪುಡಿ, ನಿಂಬೆ ಲಿಕ್ವಿಡ್ ಬೇಡ. ರೀಲಿನ ಡ್ರ್ಯಾಗನ್ನು ತೊಳೆಯುವಾಗ ಬಿಗಿ ಮಾಡಿ, ಒಣಗಿಸಿ ಎತ್ತಿಡುವಾಗ ಪೂರ್ತಿ ಸಡಿಲಿಸಿ. ಪೈಪಿನಿಂದ ರಭಸವಾಗಿ ನೀರು ಹೊಡೆದರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ.

ಲೂಪ್ ಕಿತ್ತರೆ ಲೈನ್ ಬಿಸಾಡಬೇಡಿ. ಬಿರುಕಿನಷ್ಟು ಕತ್ತರಿಸಿ, 40 ಪೌಂಡಿನ ಮೊನೊವನ್ನು ನೇಲ್ ನಾಟ್‌ನಿಂದ ಕಟ್ಟಿ, ಗಂಟಿನ ಮೇಲೆ ಯುವಿ ರೆಸಿನ್ ತೆಳ್ಳಗೆ ಹಚ್ಚಿದರೆ ಮತ್ತೊಂದು ಸೀಸನ್ ಬರುತ್ತದೆ. ಒಟ್ಟು ಒಂದೆರಡು ಅಡಿ ಕತ್ತರಿಸುವ ತನಕ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಾದರೆ ಮುಂದಿನ ಟೇಪರ್ (ತುದಿಯತ್ತ ತೆಳ್ಳಗಾಗುವ ಭಾಗ) ಹೋಗಿ ಫ್ಲೈ ನೀರಿಗೆ ಪಟ್ಟನೆ ಬಡಿಯುತ್ತದೆ. ಎರಡೂ ತುದಿ ಒಂದೇ ಥರ ಇರುವ ಡಬಲ್ ಟೇಪರ್ ಲೈನಿನಂತೆ ಇದನ್ನು ತಿರುಗಿಸಿ ಹಾಕಲು ಬರುವುದಿಲ್ಲ. ಓಡುಲೈನ್ ಹತ್ತಿರವೇ ಬಿರುಕು ಬಿಟ್ಟಿದ್ದರೆ ರಿಪೇರಿಗೆ ಕೈಹಾಕಬೇಡಿ, ಗಂಟು ಗೈಡಿಗೆ ಸಿಕ್ಕಿ ದೊಡ್ಡ ಮೀನೇ ಹೋಗುತ್ತದೆ. ಹೊಸದನ್ನು ಮಳೆಗಾಲದಲ್ಲೇ ತರಿಸಿಟ್ಟುಕೊಳ್ಳಿ, ಸೀಸನ್ ಶುರುವಾದ ಮೇಲೆ ಬೇಕಾದ ಗ್ರೇನ್‌ನದು ಸಿಗುವುದು ಕಷ್ಟ.